ದೂತ ದಾರಿಯಲ್ಲಿದ್ದಾನೆ

ಕೊರಟಗೆರೆ
18 ಜನವರಿ 2025

ಸಭಿಕ ಮಹಾಶಯರೇ,

ಮುಂದಿನ ಚಾಪೆಯ ಮೇಲೆ ಕುಳಿತ ಹಿರಿಯರೇ, ಹಿಂದೆ ನಿಂತು ಬೀಡಿ ಹಚ್ಚುತ್ತಿರುವ ಮರ್ಯಾದಸ್ಥರೇ, ಗುಜರಾತಿನ ಬಯಲಿನಲ್ಲಿ ಸೂರ್ಯನನ್ನು ಹಿಡಿದು ತಂತಿಗೆ ಕಟ್ಟುವ ಕೆಲಸದಲ್ಲಿರುವ ಪಾವಗಡ ಸೀಮೆಯ ಮಕ್ಕಳೇ. ಈ ಕಾಗದ ಜಯರಾಮು ಒಬ್ಬನ ಹೆಸರಿಗೆ ಬಂದಿದ್ದರೂ ಅವನು ಇದನ್ನು ನಿಮ್ಮೆಲ್ಲರ ಎದುರಿಗೆ ಎದ್ದು ನಿಂತು ಗಟ್ಟಿಯಾಗಿ ಓದತಕ್ಕದ್ದು. ಒಬ್ಬನ ಕಿವಿಯಲ್ಲಿ ಪಿಸುಗುಟ್ಟುವ ಅಭ್ಯಾಸ ಈ ರುದ್ರಮುನಿಗೆ ಹುಟ್ಟಿನಿಂದಲೇ ಇಲ್ಲ.

ಲೇ ಜಯರಾಮ, ಫೋನು ಮಾಡದೆ ಕಾಗದ ಬರೆಯುತ್ತಿದ್ದಾನಲ್ಲ ಮೇಷ್ಟ್ರು, ಎಂದು ಆಶ್ಚರ್ಯಪಡಬೇಡ. ನನ್ನ ಗಂಟಲಿಗೆ ನಿಷೇಧಾಜ್ಞೆ ಬಿದ್ದಿದೆ. ಸಂಕ್ರಾಂತಿಗೆ ಮೊದಲೇ ದನಿ ಒಡೆಯತೊಡಗಿತ್ತು. ತುಮಕೂರಿನ ಡಾಕ್ಟರು ಮೂಗಿನೊಳಗಿಂದ ಒಂದು ನಳಿಕೆ ಬಿಟ್ಟು, ಗಂಟಲಿನ ಚಿತ್ರವನ್ನು ಟೀವಿಯಲ್ಲಿ ತೋರಿಸಿದರು. ಧ್ವನಿಪೆಟ್ಟಿಗೆಯಲ್ಲಿ ಒಂದು ಗಂಟು ಸಿಂಹಾಸನ ಹಾಕಿಕೊಂಡು ಕೂತಿದೆ.

"ಎಷ್ಟು ವರ್ಷದಿಂದ ಹೀಗೆ ಕೂಗ್ತಿದ್ದೀರಿ ಮೇಷ್ಟ್ರೇ?" ಎಂದರು.

"ಕೂಗಿಲ್ಲ ಸ್ವಾಮಿ, ಆಳಿದ್ದೀನಿ. ಮಧುಗಿರಿ ಕೋಟೆನ ಮೂವತ್ತು ವರ್ಷ ಆಳಿದ್ದೀನಿ" ಎಂದೆ.

ಆ ಮನುಷ್ಯ ನಗಲಿಲ್ಲ. ಮಾರ್ಚ್ ಹನ್ನೊಂದಕ್ಕೆ ಆಪರೇಷನ್. ಗಂಟು ಹೋಗುತ್ತದೆ, ಪ್ರಾಣಕ್ಕೆ ಭಯವಿಲ್ಲ, ದನಿ ಮಾತ್ರ ಹಿಂದಿನ ಹಾಗೆ ಬರುತ್ತದೆಂದು ಮಾತು ಕೊಡಲಾರೆ ಎಂದರು. ಅಲ್ಲಿಯವರೆಗೆ ದಿನಕ್ಕೆ ನಾಲ್ಕೇ ಮಾತು. ನಾನು ಕೈಮುಗಿದು ಒಂದೇ ವರ ಬೇಡಿದೆ, ಕೊನೆಗೊಂದು ದೃಶ್ಯ. ತುಂಬ ಯೋಚಿಸಿ ಒಪ್ಪಿದರು. ಮಾರ್ಚ್ ಹತ್ತು, ಸೋಮವಾರ, ಮಧ್ಯಾಹ್ನ ಹನ್ನೆರಡರೊಳಗೆ ಮುಗಿಯಬೇಕು. ಅದರ ಮೇಲೆ ಒಂದು ಮಾತೂ ಕೂಡದು.

ಯಾವ ದೃಶ್ಯ ಎಂದು ನೀನು ಕೇಳುವುದಿಲ್ಲ, ನಿನಗೆ ಗೊತ್ತು. ನನ್ನ ಗುರು ಅಡವಯ್ಯನವರು ಬರೆದು ಕಲಿಸಿದ 'ನಿಡುಗಲ್ಲ ದೂತ' ನಾಟಕದ ಕಡೆಯ ಸಭೆ. ನಿಡುಗಲ್ಲಿನಿಂದ ದೂತ ಓಡಿಬರುತ್ತಾನೆ, ಮಧುಗಿರಿಯ ದೊರೆಯ ಮುಂದೆ ಪದ್ಯ ಹೇಳುತ್ತಾನೆ, ದೊರೆ ಎದ್ದು 'ಭಲೇ' ಎಂದು ಗುಡುಗಿ ಮಾತಿಗೆ ತೊಡಗುತ್ತಾನೆ. ನಾನು ದೊರೆ. ದೂತ ನೀನಲ್ಲದೆ ಬೇರೆ ಯಾರು ಎದುರಿಗೆ ನಿಂತರೂ ಆ ದೊರೆ ನನ್ನ ಬಾಯಿಗೆ ಬರುವುದಿಲ್ಲ. ನೀನು ಬರಬೇಕು.

ನಿನ್ನ ಮೇಷ್ಟ್ರು,
ರುದ್ರಮುನಿ

---

ಸೋಲಾರ್ ಕ್ಯಾಂಪು, ಗುಜರಾತ್
29 ಜನವರಿ 2025

ಪೂಜ್ಯ ಮೇಷ್ಟ್ರಿಗೆ ಜಯರಾಮು ಮಾಡುವ ನಮಸ್ಕಾರಗಳು.

ಕಾಗದ ಕೈಸೇರಿತು. ಅಪ್ಪಣೆಯಂತೆ ಎದ್ದು ನಿಂತು ಓದಿದೆ. ನಮ್ಮ ಕಡೆಯವರು ಏಳು ಜನ ಇದ್ದೇವೆ. 'ಹಿಂದೆ ನಿಂತು ಬೀಡಿ ಹಚ್ಚುತ್ತಿರುವ' ಎಂದು ಓದಿದಾಗ ಒಬ್ಬ ನಿಜವಾಗಿಯೂ ಬೀಡಿ ಬಿಸಾಕಿದ. ಗಂಟಿನ ವಿಷಯ ಬಂದಮೇಲೆ ಉಳಿದದ್ದನ್ನು ಕೂತು ಓದಿದೆ.

ಬರುತ್ತೇನೆ ಮೇಷ್ಟ್ರೇ. ಆದರೆ ತೊಡಕು ಹೇಳುತ್ತೇನೆ. ಬೇಸಿಗೆ ಶುರುವಾದರೆ ಇಲ್ಲಿ ಪ್ಯಾನೆಲ್ಲುಗಳ ಮೇಲೆ ದಿನಾ ಧೂಳು, ದಿನಾ ತೊಳೆಯಬೇಕು. ಮೇಲ್ವಿಚಾರಣೆ ನನ್ನದು. ಎರಡು ದಿನಕ್ಕಿಂತ ಹೆಚ್ಚು ರಜೆ ಇಲ್ಲ ಎಂದಿದ್ದಾರೆ. ರೈಲಿನಲ್ಲಿ ಬರುವುದಕ್ಕೇ ಒಂದೂವರೆ ದಿನ ಬೇಕು. ಇಳಿದ ಕೂಡಲೇ ತಿರುಗಿ ಹತ್ತಬೇಕಾಗುತ್ತದೆ. ವಿಮಾನವೊಂದೇ ದಾರಿ. ಅದನ್ನು ನಾನು ಹತ್ತಿಲ್ಲ. ನಮ್ಮೂರು ತಿರುಮಣಿಯಲ್ಲಿ ಕುರಿ ಕಾಯುವಾಗ ಅಂಗಾತ ಮಲಗಿ ಅದರ ಹೊಟ್ಟೆ ನೋಡಿದ್ದಷ್ಟೇ.

ಆ ಕುರಿ ಕಾಯುತ್ತಿದ್ದವನನ್ನು ಹಿಡಿದು ದೂತನ ಪೇಟ ಕಟ್ಟಿದವರು ತಾವು. ನಮ್ಮ ಹೊಲ ಸೋಲಾರಿನವರಿಗೆ ಗುತ್ತಿಗೆ ಹೋದಾಗ, ಇಂಟರ್ವ್ಯೂನಲ್ಲಿ ನಾಲ್ಕು ಜನರ ಎದುರಿಗೆ ಕಾಲು ನಡುಗದೆ ನಿಂತೆನಲ್ಲ, ಅದು ತಮ್ಮ ರಂಗದ ಮೇಲೆ ನಿಂತು ಕಲಿತದ್ದು. ಇದನ್ನು ಎದುರಿಗೆ ಹೇಳಲು ಆಗಿರಲಿಲ್ಲ. ಕಾಗದವಾದ್ದರಿಂದ ಬರೆದೆ.

ಇಲ್ಲಿ ಮೊಬೈಲ್ ಸಿಗ್ನಲ್ ನೀರಿನ ಟ್ಯಾಂಕಿನ ಮೇಲೆ ಮಾತ್ರ. ಸಂಜೆ ಹೊತ್ತು ಹತ್ತಿ ನೋಡುತ್ತೇನೆ.

ತಮ್ಮ ದೂತ,
ಜಯರಾಮು

---

ಕೊರಟಗೆರೆ
9 ಫೆಬ್ರವರಿ 2025

ವಿಮಾನಾರೂಢನಾಗಲಿರುವ ಜಯರಾಮುವಿಗೆ ಆಶೀರ್ವಾದ.

ಮಧುಗಿರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ತಂಗಿಯ ಮಗಳು ಪ್ರಿಯಾಂಕಳ ಹತ್ತಿರ ಹೋಗಿದ್ದೆ. ನಿನ್ನ ಕ್ಯಾಂಪಿನಿಂದ ಅಹಮದಾಬಾದಿಗೆ ಬಸ್ಸಿದೆಯಂತೆ. ಅಹಮದಾಬಾದಿನಿಂದ ಬೆಂಗಳೂರಿಗೆ ಆಕಾಶದ ದಾರಿ ಹೆಚ್ಚುಕಮ್ಮಿ ಸಾವಿರದ ಇನ್ನೂರ ಮೂವತ್ತು ಕಿಲೋಮೀಟರು. ವಿಮಾನಕ್ಕೆ ಎರಡು ಗಂಟೆ ಹತ್ತು ನಿಮಿಷ ಸಾಕು ಎಂದಳು.

ನಾನು ಗಡಿಯಾರ ನಂಬುವವನಲ್ಲ. ನಾಟಕದ ಲೆಕ್ಕಕ್ಕೆ ಹಾಕಿ ನೋಡಿದೆ. ಗಣಪತಿ ಸ್ತುತಿಗೆ ನಿನ್ನ ವಿಮಾನ ಮೇಲೇರಿತು ಎನ್ನು. ದೊರೆಯ ಒಡ್ಡೋಲಗ ಮುಗಿಯುವಾಗ ಮುಂಬಯಿಯ ಆಚೆಈಚೆ. ರಾಣಿಯ ವಿಲಾಪಕ್ಕೆ ಕೃಷ್ಣಾ ನದಿ. ವಿದೂಷಕ ಬಂದು ಹೋಗುವಷ್ಟರಲ್ಲಿ ಬಳ್ಳಾರಿ. ದೂತ ಪ್ರವೇಶ ಎನ್ನುವಾಗ ಬೆಂಗಳೂರು. ಇದು ಯಾರೂ ಒನ್ಸ್ ಮೋರ್ ಅನ್ನದಿದ್ದರೆ. ರಾಣಿಗೆ ಒನ್ಸ್ ಮೋರ್ ಬಿದ್ದರೆ ಬೆಂಗಳೂರು ದಾಟಿ ಮೈಸೂರಿಗೆ ಹೋಗಿಬಿಡುತ್ತೀಯ.

ಇನ್ನೊಂದು ಚೋದ್ಯ ಕೇಳು. ಕೊರಟಗೆರೆಯಿಂದ ಪಾವಗಡಕ್ಕೆ ನಮ್ಮ ಬಸ್ಸು ಎರಡೂವರೆ ಗಂಟೆ ತಿನ್ನುತ್ತದೆ. ಅಂದಮೇಲೆ ಅಹಮದಾಬಾದು ನನಗೆ ಪಾವಗಡಕ್ಕಿಂತ ಹತ್ತಿರ. ನೀನು ತಿರುಮಣಿಯಲ್ಲಿ ಇದ್ದಾಗಲೇ ದೂರ ಇದ್ದೆ ಕಣ್ಲಾ. ಇದನ್ನು ನನ್ನ ಹೆಂಡತಿಗೆ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಶಿವರುದ್ರಮ್ಮ, "ಮಾತಾಡ್ಬ್ಯಾಡಿ ಅಂದ್ರೆ ಬಳಪದಲ್ಲೂ ಕೂಗ್ತೀರಲ್ಲ, ನಿಮ್ಮ ಸ್ಲೇಟಿಗೂ ಒಂದು ಆಪರೇಷನ್ ಮಾಡಿಸ್ಬೇಕು" ಎಂದಳು.

ಟಿಕೆಟ್ಟು ನನ್ನ ಕಾಣಿಕೆ, ಮರುಮಾತಾಡಬೇಡ. ಭಾನುವಾರ, ಮಾರ್ಚ್ ಒಂಬತ್ತು, ರಾತ್ರಿ ಹನ್ನೆರಡೂ ಮುಕ್ಕಾಲಿಗೆ ಹೊರಡುತ್ತದೆ. ಸೋಮವಾರ ಕೋಳಿ ಕೂಗುವ ಮೊದಲು ಬೆಂಗಳೂರು, ಬಿಸಿಲೇರುವ ಮೊದಲು ನಮ್ಮ ಮನೆ, ಹನ್ನೊಂದಕ್ಕೆ ಊರ ಸಂತೆಮಾಳದಲ್ಲಿ ಪರದೆ. ಕಂಪ್ಯೂಟರಿನಲ್ಲಿ ಭಾನುವಾರದ ಸಾಲನ್ನು ನಾನೇ ಬೆರಳಿಟ್ಟು ತೋರಿಸಿದೆ. ಪ್ರಿಯಾಂಕ ಏನೋ ಹೇಳಹೊರಟಳು. ನಾನು ಬಲಗೈ ಎತ್ತಿದೆ. ದೊರೆ ಕೈ ಎತ್ತಿದ ಮೇಲೆ ಸಭೆ ಸುಮ್ಮನಾಗಬೇಕು, ಆದಳು.

ರುದ್ರಮುನಿ

---

ಸೋಲಾರ್ ಕ್ಯಾಂಪು
22 ಫೆಬ್ರವರಿ 2025

ಪೂಜ್ಯ ಮೇಷ್ಟ್ರಿಗೆ ನಮಸ್ಕಾರ.

ಟಿಕೆಟ್ಟು ಟ್ಯಾಂಕಿನ ಮೇಲೆ ಸಿಕ್ಕಿತು, ಅಂದರೆ ಮೊಬೈಲಿಗೆ ಬಂತು. ಭಾನುವಾರ, 00:45 ಎಂದಿದೆ. ಸರಿಯಾಗಿದೆ. ಭಾನುವಾರ ಬೆಳಿಗ್ಗೆ ಇಲ್ಲಿಂದ ಹೊರಟರೆ ಸಂಜೆಗೆ ಅಹಮದಾಬಾದು. ಊಟ ಮುಗಿಸಿ ಆರಾಮವಾಗಿ ಹತ್ತುತ್ತೇನೆ.

ದಿನಾ ಸಂಜೆ ಟ್ಯಾಂಕಿನ ಮೇಲೆ ಪದ್ಯ ಹೇಳಿ ಗಂಟಲು ತಿದ್ದುತ್ತಿದ್ದೇನೆ. ಗುಜರಾತಿನ ಕಾವಲುಗಾರ ಮೊದಲ ದಿನ ಓಡಿಬಂದು, ಯಾರು ಬಿದ್ದರು ಎಂದು ಕೇಳಿದ. ಈಗ ಅವನೇ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಆ ಪುಣ್ಯಾತ್ಮ ಒಂದು ಪದವೂ ತಿಳಿಯದೆ ಕೊನೆಯ ಸಾಲಿನವರೆಗೂ ಕೇಳುತ್ತಾನೆ.

ಜಯರಾಮು

---

ತುಮಕೂರು, ಆಸ್ಪತ್ರೆ
11 ಮಾರ್ಚ್ 2025

ತಮ್ಮ ಜಯರಾಮುಗೆ ಶಿವರುದ್ರಮ್ಮ ಮಾಡುವ ಆಶೀರ್ವಾದ.

ನೀನು ಬೆಳಿಗ್ಗೆ ಇಲ್ಲಿಂದ ಹೊರಟ ಮೇಲೆ ಒಂಬತ್ತಕ್ಕೆ ಇವರನ್ನು ಒಳಗೆ ಕರೆದುಕೊಂಡು ಹೋದರು. ಹನ್ನೊಂದಕ್ಕೆ ಹೊರಗೆ ಬಂದರು. ಗಂಟು ಪೂರ್ತಿ ತೆಗೆದಿದ್ದಾರೆ. ಮೂರು ವಾರ ತುಟಿ ಬಿಚ್ಚಬಾರದಂತೆ. ದನಿ ಬರುತ್ತೆ, ಆ ದನಿ ಬರಲ್ಲ, ಎಂದು ಡಾಕ್ಟರು ನನಗೊಬ್ಬಳಿಗೇ ಹೇಳಿದರು. ಇವರಿಗೆ ಇನ್ನೂ ಹೇಳಿಲ್ಲ. ಗೊತ್ತಿದೆ ಅನ್ನಿಸುತ್ತೆ.

ತಡವಾಗಿ ಬಂದೆನೆಂದು ನೀನು ಬಸ್ ಸ್ಟ್ಯಾಂಡಿನಲ್ಲೂ ಅಳುತ್ತಿದ್ದೆ. ಅಳಬೇಡ. ನಾಟಕದೋರಿಬ್ರು ಸೇರಿ ಒಂದು ಟಿಕೆಟ್ ತಗಂಡ್ರೆ ಇಂಗೇ ಆಗೋದು, ತಪ್ಪು ಒಬ್ಬರದಲ್ಲ ಕಣಪ್ಪ. ಎಚ್ಚರ ಬಂದ ಕೂಡಲೇ ಸ್ಲೇಟು ಕೇಳಿ, 'ದೂತ ಮುಟ್ಟಿದನಾ' ಎಂದು ಬರೆದರು. ಮುಟ್ಟಿದ ಮೇಲೆ ತಿಳಿಸು.

ಶಿವರುದ್ರಮ್ಮ

---

ಸೋಲಾರ್ ಕ್ಯಾಂಪು
17 ಮಾರ್ಚ್ 2025

ಪೂಜ್ಯ ಮೇಷ್ಟ್ರಿಗೆ, ಅಮ್ಮನವರಿಗೆ ನಮಸ್ಕಾರ.

ದೂತ ಮುಟ್ಟಿದ್ದಾನೆ. ಆ ದಿನ ಒಂದನ್ನೂ ಬಿಡಿಸಿ ಹೇಳಲು ಹೊತ್ತಿರಲಿಲ್ಲ. ಈಗ ಬರೆಯುತ್ತೇನೆ.

ಭಾನುವಾರ ರಾತ್ರಿ ಒಂಬತ್ತಕ್ಕೆಲ್ಲ ವಿಮಾನ ನಿಲ್ದಾಣ ಮುಟ್ಟಿದೆ. ಪೇಟ ಚೀಲದಲ್ಲಿತ್ತು. ಬಾಗಿಲಿನ ಪೊಲೀಸು ಟಿಕೆಟ್ ನೋಡಿ ಒಳಗೆ ಬಿಡಲಿಲ್ಲ, ಪಕ್ಕದ ಕಿಟಕಿಗೆ ಕಳಿಸಿದ. ಅಲ್ಲಿದ್ದ ಹುಡುಗಿ ಹಿಂದಿಯಲ್ಲಿ, ಅಣ್ಣಾ, ಈ ವಿಮಾನ ನಿನ್ನೆ ರಾತ್ರಿಯೇ ಹೋಯಿತು, ಎಂದಳು.

"ಇವತ್ತು ಭಾನುವಾರ ತಾನೇ?" ಎಂದೆ.

"ಹೌದು. ಭಾನುವಾರ ಹನ್ನೆರಡೂ ಮುಕ್ಕಾಲಿಗೆ ಹೋಯಿತು. ಇವತ್ತು ರಾತ್ರಿ ಹನ್ನೆರಡು ಹೊಡೆದರೆ ಸೋಮವಾರ."

"ಅದೆಂಗೆ ಸೋಮವಾರ ಆಗ್ತದೆ ತಾಯಿ? ನಮ್ಮ ಕಡೆ ಹ್ಯಾಂಡ್‌ಬಿಲ್‌ನಾಗೆ ಭಾನುವಾರ ರಾತ್ರಿ ನಾಟಕ ಅಂತ ಹಾಕಿದ್ರೆ, ಬೆಳಗಿನ ಜಾವ ಯುದ್ಧ ಮುಗಿಯೋವರ್ಗೂ ಭಾನುವಾರನೇ" ಎಂದು ಕನ್ನಡದಲ್ಲೇ ಹೇಳಿಬಿಟ್ಟೆ.

ಅವಳಿಗೆ ಏನು ತಿಳಿಯಿತೋ, ನನ್ನ ಮುಖ ನೋಡಿ ಎದ್ದು ಬಂದು ಕುರ್ಚಿ ಕೊಟ್ಟಳು. ಅವತ್ತಿನ ರಾತ್ರಿಯ ವಿಮಾನದಲ್ಲಿ ಜಾಗವಿರಲಿಲ್ಲ. ಮರುದಿನ ಮಧ್ಯಾಹ್ನ ಒಂದು ಗಂಟೆಯದರಲ್ಲಿ ಒಂದೇ ಸೀಟು ಉಳಿದಿತ್ತು. ಕ್ಯಾಂಪಿನ ನಮ್ಮವರು ಟ್ಯಾಂಕಿನ ಮೇಲೆ ನಿಂತು, ಎಲ್ಲ ಸೇರಿ ಆ ಟಿಕೆಟ್ ಮಾಡಿಸಿದರು. ಆಮೇಲೆ ಅಮ್ಮನವರಿಗೆ ಫೋನು ಮಾಡಿದೆ. ಮೂರು ಗಂಟೆಗೆ ಇಳಿಯುತ್ತೇನೆ ಎಂದೆ. ಹನ್ನೆರಡಕ್ಕೆ ತಮ್ಮ ಮಾತು ಮುಗಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಮೇಷ್ಟ್ರೇ, ರಾತ್ರಿಯ ವಿಮಾನ ಸಿಕ್ಕಿದ್ದರೆ ಕತ್ತಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಗಲಾದ್ದರಿಂದ ಕಂಡದ್ದನ್ನು ಹೇಳುತ್ತೇನೆ. ಇಳಿಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ಕೆಳಗೆ ಒಂದು ದೊಡ್ಡ ಕೆರೆ ಥಳಥಳ ಹೊಳೆಯಿತು. ಬರಡು ಬಯಲಿನಲ್ಲಿ ಇಷ್ಟು ದೊಡ್ಡ ಕೆರೆ ಎಲ್ಲಿಂದ ಬಂತು, ಇದು ಯಾವ ಸೀಮೆ, ಎಂದು ಬಗ್ಗಿ ನೋಡಿದೆ. ಆ ಕೆರೆಗೆ ಸಾಲುಗಳಿದ್ದವು. ನೀರಲ್ಲ, ಪ್ಯಾನೆಲ್ಲುಗಳು. ನಮ್ಮ ತಿರುಮಣಿ. ನಾನು ಕುರಿ ಹೊಡೆದ ಹೊಲ. ಪಕ್ಕದಲ್ಲಿ ನಿಡುಗಲ್ಲು, ಬೆರಳ ತುದಿಯಷ್ಟು.

ಬಸ್ಸಾಗಿದ್ದರೆ ಹೋಲ್ಡಾನ್ ಎಂದು ಇಳಿದುಬಿಡುತ್ತಿದ್ದೆ. ಇದು ನಿಲ್ಲಲಿಲ್ಲ. ಮಧುಗಿರಿಯ ಬಂಡೆಯೂ ಹಿಂದೆ ಸರಿಯಿತು. ಊರ ಮೇಲೆ ಹಾರಿ, ಊರು ದಾಟಿ, ಬೆಂಗಳೂರಿನಲ್ಲಿ ಇಳಿದು, ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಬಿಟ್ಟುಬಂದ ದಾರಿಗೇ ತಿರುಗಿ ಬಂದೆ. ಸಾವಿರದ ಇನ್ನೂರು ಕಿಲೋಮೀಟರಿಗೆ ಎಷ್ಟು ಹೊತ್ತಾಯಿತೋ, ಉಳಿದ ಅಷ್ಟು ಹತ್ತಿರಕ್ಕೆ ಅದಕ್ಕಿಂತ ಹೆಚ್ಚಾಯಿತು. ನಿಂತ ಒಂದೊಂದು ಸ್ಟಾಪಿನಲ್ಲೂ ಜೀವ ಹೋಗಿ ಬರುತ್ತಿತ್ತು. ಜನ ಎದ್ದುಹೋಗಿರುತ್ತಾರೆ, ನಮ್ಮ ತಂಡದ ಪ್ರಭುದೇವ್‌ಗೂ ಪಾರ್ಟು ಬಾಯಿಪಾಠ, ಅವನ ಕೈಲಿ ದೂತನ ಪಾರ್ಟು ಮಾಡಿಸಿ ಮುಗಿಸಿರುತ್ತೀರಿ, ಎಂದುಕೊಂಡಿದ್ದೆ. ಮುಗಿಸಿರಲಿ ಎಂದೂ ಬೇಡಿಕೊಂಡೆ.

ಸಂತೆಮಾಳದ ಹತ್ತಿರ ಇಳಿದರೆ ಜನ ಕೂತೇ ಇದ್ದರು. ತಾವು ಕಿರೀಟ ತೊಟ್ಟು ಸಿಂಹಾಸನದ ಮೇಲೆ ಇದ್ದಿರಿ. ಬಾಗಿಲ ಭಟನಾಗಿ ಕಳ್ಳಂಬೆಳ್ಳದ ಬೋರಣ್ಣ ಈಟಿ ಹಿಡಿದು ನಿಂತಿದ್ದ. "ಯಾಕ್ಲಾ ಲೇಟು, ಕುದ್ರೆ ಕುಂಟ್ತಾ?" ಎಂದ. ನಾನು ಚೀಲದಿಂದ ಪೇಟ ತೆಗೆದು ಹೇಗೋ ಸುತ್ತಿಕೊಂಡೆ.

ಆಮೇಲೆ ಆದದ್ದು ತಾವು ಕಂಡದ್ದೇ. ಹನ್ನೆರಡಕ್ಕೆ ಏನಾಯಿತೆಂದು ಮಾತ್ರ ಯಾರೂ ನನಗೆ ಸರಿಯಾಗಿ ಹೇಳಿಲ್ಲ.

ಜಯರಾಮು

---

ಕೊರಟಗೆರೆ
2 ಏಪ್ರಿಲ್ 2025

ಸಭಿಕರೇ, ಪರದೆ ಇನ್ನೊಮ್ಮೆ ಏಳುತ್ತಿದೆ. ಬೀಡಿ ಆರಿಸಿ. ಲೇ ಜಯರಾಮ, ಈ ಕಾಗದ ಅಂಚೆಗೆ ಕೊಟ್ಟರೆ ತಡ. ಪ್ರಿಯಾಂಕ ಇದರ ಫೋಟೋ ತೆಗೆದು ಈಗಲೇ ನಿನ್ನ ಟ್ಯಾಂಕಿಗೆ ಕಳಿಸುತ್ತಾಳೆ. ಈಗೀಗ ಅವಳು ಏನಾದರೂ ಹೇಳಹೊರಟರೆ ನಾನು ಕೈ ಎತ್ತುವುದಿಲ್ಲ.

ಹನ್ನೆರಡಕ್ಕೆ ಏನಾಯಿತು ಎಂದು ಕೇಳಿದ್ದೀಯ. ಕೇಳು.

ಬೆಳಿಗ್ಗೆ ಹತ್ತಕ್ಕೇ ಜನ ಸೇರಿದ್ದರು. ಮಧುಗಿರಿಯಿಂದ ಒಂದು ಟೆಂಪೋ, ಶಿರಾ ಕಡೆಯಿಂದ ಎರಡು, ಸಿದ್ದರಬೆಟ್ಟಕ್ಕೆಂದು ಹೊರಟವರೂ ಇಳಿದು ಕೂತರು. ನಾನು ನಾಟಕ ಕಲಿಸಿದ ಅಷ್ಟೂ ಊರು ಅಲ್ಲಿ ಇತ್ತು. ನೀನು ಸಂಜೆ ಬರುತ್ತೀಯ ಎಂಬುದು ರಾತ್ರಿಯೇ ತಿಳಿದಿತ್ತು. ಪ್ರಭುದೇವ್ ಪೇಟ ಸುತ್ತಿಕೊಂಡು ಸಿದ್ಧನಾಗಿ ನಿಂತ. "ಮೇಷ್ಟ್ರೇ, ಹನ್ನೊಂದಾಯ್ತು. ನಾನೇ ಹೇಳ್ಬುಡ್ತೀನಿ. ನಿಮ್ಮ ಗುಡುಗು ಒಂದ್ಸಲ ಕೇಳ್ಬೇಕು ಅಂತ ಜನ ಬಂದವ್ರೆ" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆಸೆ ನನಗೂ ಇತ್ತು. ಆ ದನಿ ಒಳಗೆ ಕಟ್ಟಿಹಾಕಿದ ಎತ್ತಿನ ಹಾಗೆ ಗುಟುರು ಹಾಕುತ್ತಿತ್ತು.

ಆದರೆ ದೂತ ಆಕಾಶದಲ್ಲಿರುವಾಗ ದೊರೆ ಇಲ್ಲಿ ಉತ್ತರ ಕೊಟ್ಟು ಮುಗಿಸಿದರೆ, ಬಂದವನು ಯಾರಿಗೆ ಹೇಳಬೇಕು? ಹನ್ನೆರಡಕ್ಕೆ ಇನ್ನೇನು ಎನ್ನುವಾಗ ಎದ್ದೆ. ಮೈಕು ಪಕ್ಕಕ್ಕೆ ಸರಿಸಿದೆ. ಉಳಿದಿದ್ದ ಅಷ್ಟೂ ದನಿಯನ್ನು ಒಟ್ಟುಮಾಡಿ, ಸಂತೆಮಾಳದ ಆಚೆಯ ರಸ್ತೆಗೂ ಮುಟ್ಟುವ ಹಾಗೆ ಹೇಳಿದೆ.

"ದೂತ ದಾರಿಯಲ್ಲಿದ್ದಾನೆ. ಯಾರೂ ಏಳಬೇಡಿ."

ನನ್ನ ಆ ದನಿಯ ಕಡೆಯ ಮಾತು ಅದು. ಮೂವತ್ತು ವರ್ಷ ಹೇಳಿದ ಯಾವ ಮಾತಿಗೂ ಅದಕ್ಕಿಂತ ಒಳ್ಳೆಯ ಉಪಯೋಗ ಆಗಿಲ್ಲ.

ಜನ ಕಾದರು ಕಣ್ಲಾ. ಕೆಲವರು ಹೋಗಿ ಹಾಲು ಕರೆದು ಮತ್ತೆ ಬಂದರು. ಶಿವರುದ್ರಮ್ಮ ಮತ್ತು ನೆರೆಮನೆಯವರು ಸೇರಿ ಚಿತ್ರಾನ್ನ ಕಲಸಿದರು. ಬೋರಣ್ಣನಿಗೆ ಈ ನಾಟಕದಲ್ಲಿ ಒಂದು ಮಾತೂ ಇಲ್ಲ, ಗೊತ್ತಲ್ಲ? ಈಟಿ ಹಿಡಿದು ನಿಲ್ಲುವುದಷ್ಟೇ. ಅವನನ್ನು ಊಟಕ್ಕೆ ಕರೆದರೆ, "ಬಾಗ್ಲು ಬುಟ್ ಹೋದ್ರೆ ಆಟ ನಿಂತೋಗ್ತದೆ. ನಾನಿಲ್ಲಿದ್ರೆ ಇನ್ನೂ ನಡೀತಾ ಅದೆ ಅಂತ ಲೆಕ್ಕ" ಎಂದು ಅಲ್ಲಾಡಲಿಲ್ಲ. ನಿಂತಲ್ಲೇ ಎಡಗೈಯಲ್ಲಿ ಈಟಿ ಹಿಡಿದು, ಪಕ್ಕದವರ ಕೈಲಿ ತಟ್ಟೆ ಹಿಡಿಸಿಕೊಂಡು ತಿಂದ. ಆ ಮನುಷ್ಯನಿಗೆ ನಾನು ಕೈಮುಗಿಯಬೇಕು, ಕಿರೀಟ ತೊಟ್ಟು ಕೂತಿದ್ದರಿಂದ ಆಗಲಿಲ್ಲ. ಇಲ್ಲಿ ಮುಗಿದಿದ್ದೇನೆ.

ಆಮೇಲೆ ನೀನು ಬಂದೆ. ಧೂಳು, ಬೆವರು, ಓರೆಯಾದ ಪೇಟ. ಎಷ್ಟು ಬಣ್ಣ ಬಳಿದರೂ ಬರದ ದೂತನ ಮುಖ ಅದು. ನೀನು ಪದ್ಯ ಎತ್ತಿಕೊಂಡೆ.

ಏಳು ಕಣಿವೆಯ ದಾಟಿ ಬಂದೆನು, ಎಲ್ಲಿಯೂ ನಾ ನಿಲ್ಲಲಿಲ್ಲ.
ಬಿರುಬಿಸಿಲಿಗೆ ನಾ ಬಾಡಿದರೂ, ಈ ಮಾತು ಮಾತ್ರ ಬಾಡಲಿಲ್ಲ.
ಒಪ್ಪಿಸಿದೆನು ಒಡೆಯ ನಿಮಗೆ, ಹೊರೆಯು ಇಳಿಯಿತಿಲ್ಲಿಗೆ.
ತಂದ ಮಾತು ನಿಮ್ಮದಾಯ್ತು, ಬಂದ ದಾರಿ ನನ್ನದು.

ಈ ನಾಲ್ಕು ಸಾಲನ್ನು ನಿನಗೆ ಕಲಿಸಿದವನು ನಾನು. ಆದರೆ ರಂಗದ ಮೇಲೆ ಮೂರನೆಯ ಸಾಲಿಗೇ ನನ್ನ ಕೈ ಮೀಸೆಗೆ ಹೋಗುತ್ತಿತ್ತು, ನಾಲ್ಕನೆಯದಕ್ಕೆ ಎದೆ ಉಬ್ಬಿಸಿ ಏಳುತ್ತಿದ್ದೆ, 'ಭಲೇ' ಎನ್ನುವ ಹೊತ್ತಿಗೆ ಜನ ಶಿಳ್ಳೆ ಹಾಕುತ್ತಿದ್ದರು. ಅವತ್ತು ಎದ್ದೆ, ಬಾಯಿ ತೆರೆದೆ, ಹೇಳುವುದಕ್ಕೆ ಏನೂ ಇರಲಿಲ್ಲ. ನಿನ್ನ ಕೊನೆಯ ಸಾಲು ಪೂರ್ತಿ ಬಂದು ನನ್ನ ಕಿವಿಯಲ್ಲಿ ಕೂತಿತು. ಅದರ ಹಿಂದೆ ಯಾವ ಸದ್ದೂ ಇರಲಿಲ್ಲ. ಜನವೂ ಶಿಳ್ಳೆ ಹಾಕಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದರು. ಗುಡುಗು ಬರದ ದೊರೆ ಏನು ಮಾಡಬೇಕೆಂದು ಅಡವಯ್ಯನವರು ಬರೆದಿರಲಿಲ್ಲ. ಸಿಂಹಾಸನ ಇಳಿದು ಬಂದು ನಿನ್ನ ಪೇಟವನ್ನು ನೆಟ್ಟಗೆ ಮಾಡಿದೆ. ಅಷ್ಟೇ ತೋಚಿದ್ದು.

ಎಷ್ಟೋ ಸಲ ನನಗೆ ಒನ್ಸ್ ಮೋರ್ ಬಿದ್ದಿದೆ. ಪೇಟ ಸರಿಮಾಡಿದ್ದಕ್ಕೆ ಬಿದ್ದ ಒನ್ಸ್ ಮೋರ್ ಅದೊಂದೇ.

ನನ್ನ ಬೆರಳು ತಪ್ಪು ಸಾಲಿನ ಮೇಲೆ ಬಿದ್ದದ್ದಕ್ಕೆ, ನಿನ್ನ ವಿಮಾನ ತಪ್ಪಿದ್ದಕ್ಕೆ, ಕುರ್ಚಿ ಕೊಟ್ಟ ಆ ಹುಡುಗಿಗೆ, ಟ್ಯಾಂಕಿನ ಮೇಲೆ ನಿಂತ ನಿನ್ನ ಆರು ಜನಕ್ಕೆ, ಒಂದು ಪದವೂ ತಿಳಿಯದೆ ಕೊನೆಯವರೆಗೂ ಕೇಳಿದ ಆ ಕಾವಲುಗಾರನಿಗೆ, ನನ್ನ ನಮಸ್ಕಾರ. ನಮ್ಮ ನಾಟಕದಲ್ಲಿ ನಿನ್ನನ್ನು ಸರಿಯಾಗಿ ಕೇಳಿದವರಲ್ಲಿ ಅವನು ಮೊದಲನೆಯವನು, ನಾನು ಎರಡನೆಯವನು.

ಇನ್ನು ವಿಷಯಕ್ಕೆ ಬರುತ್ತೇನೆ. ಮೂರು ವಾರ ಮುಗಿಯಿತು. ನಾಳೆ ತುಮಕೂರಿನಲ್ಲಿ ಡಾಕ್ಟರು ಮಾತಾಡಿಸಿ ನೋಡುತ್ತಾರೆ. ಹಳೆಯ ದನಿ ಬರುವುದಿಲ್ಲ ಎಂಬುದು ನನಗೆ ಗೊತ್ತು. ಶಿವರುದ್ರಮ್ಮನಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ, ಮೂರು ವಾರದಿಂದ ನಾನು ಕೇಳದಿದ್ದರೂ ಪಾಯಸ ಮಾಡುತ್ತಿದ್ದಾಳೆ. ಸಣ್ಣ ದನಿಯೊಂದು ಬರುತ್ತದಂತೆ. ಸಣ್ಣ ದನಿಯಲ್ಲಿ ದೊರೆಯಾಗುವುದಕ್ಕೆ ಆಗುವುದಿಲ್ಲ. ದೂತನಾಗಬಹುದು.

ನಾಳೆ ಬೆಳಿಗ್ಗೆ ಡಾಕ್ಟರು, ಮೇಷ್ಟ್ರೇ, ಏನಾದರೂ ಹೇಳಿ, ಎಂದಾಗ ನಾನು ಭಲೇ ಎನ್ನುವುದಿಲ್ಲ. ನಿನಗೆ ಫೋನು ಹಚ್ಚಿಸಿ ಆ ನಾಲ್ಕನೆಯ ಸಾಲು ಹೇಳುತ್ತೇನೆ. ಹತ್ತು ಗಂಟೆಗೆ ಟ್ಯಾಂಕಿನ ಮೇಲೆ ಹತ್ತಿ ನಿಲ್ಲು. ಬರೀ ಗಾಳಿ ಊದಿದ ಹಾಗೆ ಕೇಳಿಸಿದರೆ ಸಿಗ್ನಲ್ ಇಲ್ಲವೆಂದು ಇಟ್ಟುಬಿಡಬೇಡ, ಅದು ನಾನೇ.

ನಿನ್ನ,
ರುದ್ರಮುನಿ